ಬಿಡುವಿನ ಕಂಪ್ಯೂಟರನ್ನು ಪಾಲು ಹಾಕುವ ಕ್ರಮ: ಮನೆಬಳಕೆಯ ಕೈಪಿಡಿ

ಬಳಸುವ ಮುನ್ನ ಓದಿ

ಅಭಿನಂದನೆಗಳು. ನಿಮ್ಮ ಮನೆಯ ಕಂಪ್ಯೂಟರು ಇಷ್ಟು ದಿನ ಹೆಚ್ಚುಕಡಿಮೆ ಸುಮ್ಮನೆ ಕೂತು ಕರೆಂಟು ಕುಡಿಯುತ್ತಿತ್ತು. ನೀವು ಕಾಫಿಗೆ ಎದ್ದು ಹೋದರೆ ಅದಕ್ಕೂ ವಿರಾಮ. ನೀವು ಮುಂದೆ ಕೂತು ಟೈಪು ಮಾಡುತ್ತಿದ್ದರೂ ಅದಕ್ಕೆ ವಿರಾಮವೇ, ಏಕೆಂದರೆ ನಿಮ್ಮ ಎರಡು ಅಕ್ಷರಗಳ ನಡುವಿನ ಹೊತ್ತಿನಲ್ಲಿ ಅದು ಕೋಟಿಗಟ್ಟಲೆ ಲೆಕ್ಕ ಮಾಡಿ ಮುಗಿಸಬಲ್ಲದು. ಆ ಸುಖ ಇಂದಿಗೆ ಮುಗಿಯಿತು. ಇನ್ನು ಮೇಲೆ ನೀವು ತಿಂಡಿ ತಿನ್ನುವಾಗ ಅದು ನ್ಯೂಟ್ರಾನ್ ನಕ್ಷತ್ರ ಹುಡುಕುತ್ತದೆ. ನೀವು ಗೊರಕೆ ಹೊಡೆಯುವಾಗ ಯಾವುದೋ ಪ್ರೋಟೀನು ಹೇಗೆ ಮಡಚಿಕೊಳ್ಳುತ್ತದೆಂದು ಲೆಕ್ಕ ಹಾಕುತ್ತದೆ. ಇದಕ್ಕೆ ಸಂಬಳವಿಲ್ಲ, ಭತ್ಯೆಯಿಲ್ಲ. ಬಿಲ್ಲು ಮಾತ್ರ ನಿಮ್ಮ ಹೆಸರಿಗೇ ಬರುತ್ತದೆ.

ಇಂಥ ಲೆಕ್ಕ ಹಂಚುವ ಒಂದೇ ವಿಜ್ಞಾನ ಯೋಜನೆಗೆ ಕಂಪ್ಯೂಟರನ್ನು ಒಪ್ಪಿಸಿರುವವರು ಕೈಪಿಡಿಯನ್ನು ಇಲ್ಲಿಗೇ ಮುಚ್ಚಿಡಬಹುದು. ಎರಡನೆಯದನ್ನೂ ಸೇರಿಸಿಕೊಂಡು, "ಇಬ್ಬರಿಗೂ ಸಮಸಮ ಕೊಟ್ಟರಾಯಿತು, ಅದರಲ್ಲೇನು ಮಹಾ" ಎಂದುಕೊಂಡವರು ಮಾತ್ರ ಮುಂದೆ ಓದಿ.

ಪೆಟ್ಟಿಗೆಯಲ್ಲಿ ಏನಿದೆ

1999ರ ಮೇ 17ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು ಸೆಟಿ ಅಟ್ ಹೋಮ್ ಎಂಬ ಯೋಜನೆಯನ್ನು ಜನರ ಕೈಗೆ ಕೊಟ್ಟರು. ಪೋರ್ಟೊ ರಿಕೊದ ಅರೆಸಿಬೊ ರೇಡಿಯೊ ದೂರದರ್ಶಕ ಆಕಾಶದಿಂದ ಹಿಡಿದ ಸದ್ದನ್ನು ಸುಮಾರು 107 ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಮನೆಮನೆಗೆ ಕಳಿಸಿ, "ಇದರಲ್ಲಿ ಯಾರಾದರೂ ಮಾತಾಡುತ್ತಿದ್ದಾರಾ ನೋಡಿ" ಎಂದು ಕೇಳುವುದೇ ಅದರ ಕೆಲಸ. ಒಂದು ತುಂಡು ಮೂರೂವರೆ ನೂರು ಕಿಲೋಬೈಟಿನ ಆಸುಪಾಸು, ಟೆಲಿಫೋನ್ ತಂತಿಯಲ್ಲಿ ಕಿರುಗುಟ್ಟುತ್ತ ಇಂಟರ್ನೆಟ್ ಬರುತ್ತಿದ್ದ ಕಾಲಕ್ಕೆ ಹೊಂದುವಷ್ಟು. ಸ್ಕ್ರೀನ್ ಸೇವರಿನಲ್ಲಿ ಬಣ್ಣಬಣ್ಣದ ಗೋಪುರಗಳು ಏಳುತ್ತಿದ್ದವು. ಲಕ್ಷಾಂತರ ಜನ ಸೇರಿದರು. ಅನ್ಯಗ್ರಹದವರು ಮಾತ್ರ ಸಿಗಲಿಲ್ಲ.

ಒಂದು ತೊಂದರೆಯಿತ್ತು. ಬರ್ಕ್ಲಿಯ ಸರ್ವರ್ ಮಲಗಿದರೆ ಲೋಕದ ಅಷ್ಟೂ ಕಂಪ್ಯೂಟರುಗಳು ಕೆಲಸವಿಲ್ಲದೆ ಕೂರುತ್ತಿದ್ದವು. ಬೇರೆ ವಿಜ್ಞಾನಿಗಳು ಇಂಥದೇ ನೆರವು ಕೇಳಬೇಕೆಂದರೆ ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಿತ್ತು. ಸೆಟಿಯನ್ನು ನಡೆಸುತ್ತಿದ್ದ ಡೇವಿಡ್ ಆಂಡರ್ಸನ್ 2002ರಲ್ಲಿ ಕೈಗೆತ್ತಿಕೊಂಡ ಬೋಯಿಂಕ್ ಎಂಬ ತಂತ್ರಾಂಶ ಇದಕ್ಕೆ ಪರಿಹಾರ: ಮನೆಯಲ್ಲಿ ಒಂದೇ ಪ್ರೋಗ್ರಾಮು, ಅದಕ್ಕೆ ಎಷ್ಟು ಯೋಜನೆಗಳನ್ನಾದರೂ ಜೋಡಿಸಬಹುದು. ಪರಿಹಾರ ಬಂದ ದಿನವೇ ಪಾಲಿನ ತಕರಾರೂ ಬಂತು.

ಈಗ ನಿಮ್ಮೆದುರು ಯೋಜನೆಗಳ ಉದ್ದನೆಯ ಪಟ್ಟಿಯಿದೆ. ಪಲ್ಸಾರ್ ಎಂಬ ತಿರುಗುವ ನ್ಯೂಟ್ರಾನ್ ನಕ್ಷತ್ರಗಳನ್ನೂ ಗುರುತ್ವ ಅಲೆಗಳನ್ನೂ ಹುಡುಕುವ ಐನ್‌ಸ್ಟೈನ್ ಅಟ್ ಹೋಮ್. ಪ್ರೋಟೀನಿನ ಆಕಾರ ಲೆಕ್ಕ ಹಾಕುವ ರೊಸೆಟಾ ಅಟ್ ಹೋಮ್. ಅದರ ಹಿಂದಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ರಯೋಗಾಲಯದ ಡೇವಿಡ್ ಬೇಕರ್ ಅವರಿಗೆ 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಆಕ್ಸ್‌ಫರ್ಡಿನವರ ಹವಾಮಾನ ಯೋಜನೆ, ಸರ್ನ್‌ನವರ ಎಲ್‌ಎಚ್‌ಸಿ ಅಟ್ ಹೋಮ್, ಅವಿಭಾಜ್ಯ ಸಂಖ್ಯೆ ಹುಡುಕುವ ಪ್ರೈಮ್‌ಗ್ರಿಡ್. ಎಲ್ಲದರ ಮುಂದೆಯೂ ಟಿಕ್ ಹಾಕಬೇಕೆನಿಸುತ್ತದೆ. ಹಾಕಬೇಡಿ. ನಾಲ್ಕು ಕೋರಿನ ಹಳೆಯ ಕಂಪ್ಯೂಟರಿಗೆ ಎರಡು ಯೋಜನೆ ಸಾಕು, ಮೂರು ಹೆಚ್ಚು. ಹನ್ನೆರಡು ಸೇರಿಸಿದವರು ವಿಜ್ಞಾನಕ್ಕೆ ನೆರವಾಗುತ್ತಿಲ್ಲ, ಜಾತ್ರೆ ನಡೆಸುತ್ತಿದ್ದಾರೆ.

ಪಾಲು ನಮೂದಿಸುವ ವಿಧಾನ

ಪ್ರತಿ ಯೋಜನೆಗೂ ರಿಸೋರ್ಸ್ ಶೇರ್ ಎಂಬ ಒಂದು ಅಂಕಿಯಿರುತ್ತದೆ. ನೀವೇನೂ ಮುಟ್ಟದಿದ್ದರೆ ಅದು 100. ಇದು ಶೇಕಡಾ ಅಲ್ಲ, ಅನುಪಾತ. ಒಂದಕ್ಕೆ 100, ಇನ್ನೊಂದಕ್ಕೆ 300 ಕೊಟ್ಟರೆ ಮೊದಲಿನದಕ್ಕೆ ಕಾಲು, ಎರಡನೆಯದಕ್ಕೆ ಮುಕ್ಕಾಲು. ಇಷ್ಟು ತಿಳಿದ ಕೂಡಲೇ ಕೆಲವರಿಗೆ ಕೈ ತುರಿಸತೊಡಗುತ್ತದೆ. ಕ್ಯಾನ್ಸರ್ ಸಂಶೋಧನೆಗೆ 137, ಪಲ್ಸಾರಿಗೆ 63, ಅವಿಭಾಜ್ಯ ಸಂಖ್ಯೆಗೆ ಮರ್ಯಾದೆಗೆಂದು 11. ಈ ಅಂಕಿಗಳ ಹಿಂದೆ ಏನೋ ನ್ಯಾಯವಿದೆಯೆಂದು ಅವರು ಬಲವಾಗಿ ನಂಬಿರುತ್ತಾರೆ.

ಅಣ್ಣತಮ್ಮಂದಿರು ಪಾಲಾಗುವಾಗ ಹೊಲಕ್ಕೆ ಹಗ್ಗ ಹಿಡಿದು ಅಳೆದು ಬದು ಹಾಕುತ್ತಾರಲ್ಲ, ಬೋಯಿಂಕ್ ಕೂಡ ಇವತ್ತಿನ 24 ಗಂಟೆಯನ್ನು ಹಾಗೇ ಅಳೆದು ಹನ್ನೆರಡು ಅವನಿಗೆ, ಹನ್ನೆರಡು ಇವನಿಗೆ ಎಂದು ಕೊಡುತ್ತದೆಂದು ಬಳಕೆದಾರ ಕಾಯುತ್ತಾನೆ. ಅದರ ಕೈಯಲ್ಲಿ ಹಗ್ಗವೇ ಇಲ್ಲ. ಇರುವುದು ಹಳೆಯ ಬಾಕಿ ಬರೆದಿಟ್ಟ ಲೆಕ್ಕದ ಪುಸ್ತಕ. ಮೊದಲಿನ ಆವೃತ್ತಿಗಳಲ್ಲಿ ತಂತ್ರಾಂಶದ ಒಳಗೇ ಅಲ್ಪಾವಧಿ ಸಾಲ, ದೀರ್ಘಾವಧಿ ಸಾಲ ಎಂಬ ಎರಡು ಖಾತೆಗಳಿದ್ದವು. ಯಾರಿಗೆ ಎಷ್ಟು ಹೊತ್ತು ಸಲ್ಲಬೇಕಿತ್ತು, ಎಷ್ಟು ಸಂದಿದೆ ಎಂಬ ವ್ಯತ್ಯಾಸ ಅಲ್ಲಿ ಏರುತ್ತ ಇಳಿಯುತ್ತ ಇರುತ್ತಿತ್ತು. ಈಗಿನವು ಸ್ವಲ್ಪ ಬೇರೆ. ಪ್ರತಿ ಯೋಜನೆಗೂ ಇತ್ತೀಚೆಗೆ ಎಷ್ಟು ಕೆಲಸ ಮಾಡಿಕೊಟ್ಟಿದ್ದೇವೆಂಬ ಅಂದಾಜನ್ನು ಇಟ್ಟುಕೊಂಡಿರುತ್ತವೆ. ಹತ್ತು ದಿನ ಹಳೆಯ ಕೆಲಸಕ್ಕೆ ಅರ್ಧ ಬೆಲೆ, ಇಪ್ಪತ್ತು ದಿನ ಹಳೆಯದಕ್ಕೆ ಕಾಲು. ಹೀಗೆ ಹಳೆಯ ಉಪಕಾರ ನಿಧಾನವಾಗಿ ಮರೆತುಹೋಗುತ್ತದೆ. ಯಾರ ಖಾತೆ ಅವರ ಪಾಲಿಗಿಂತ ಹಿಂದೆ ಬಿದ್ದಿದೆಯೋ ಮುಂದಿನ ಸರದಿ ಅವರದು.

ಇದರಿಂದ ಆಗುವ ಮೊದಲ ಪವಾಡ ನೋಡಿ. ಆರು ತಿಂಗಳಿಂದ ಐನ್‌ಸ್ಟೈನ್ ಓಡುತ್ತಿದೆ. ನಿನ್ನೆ ರೊಸೆಟಾ ಸೇರಿಸಿದಿರಿ. ಎರಡಕ್ಕೂ 100. ಬೆಳಗ್ಗೆ ಎದ್ದು ನೋಡಿದರೆ ನಾಲ್ಕೂ ಕೋರುಗಳಲ್ಲಿ ರೊಸೆಟಾವೇ ಕೂತಿದೆ! ಕಾರಣ ಇಷ್ಟೇ, ಹೊಸಬರ ಖಾತೆ ಸೊನ್ನೆ. ಅದು ಹಳಬರ ಮಟ್ಟಕ್ಕೆ ಬರುವವರೆಗೆ ತಟ್ಟೆಗೆಲ್ಲ ಅವರದೇ ಕೈ. ಇಲ್ಲಿ ಬಳಕೆದಾರರು ಮಾಡುವುದು ಒಂದೇ ಕೆಲಸ: ಐನ್‌ಸ್ಟೈನಿನ ಪಾಲನ್ನು 100ರಿಂದ 500ಕ್ಕೆ ಏರಿಸುವುದು. ವಾರ ಕಳೆದ ಮೇಲೆ ರೊಸೆಟಾ ಮಾಯ. ಆಗ ಅದನ್ನು 800 ಮಾಡುವುದು. ಅಲ್ಲಿಗೆ ಲೆಕ್ಕದ ಪುಸ್ತಕವೂ ಕೆಟ್ಟಿತು, ಮನಸ್ಸೂ ಕೆಟ್ಟಿತು.

ಸರಿಯಾದ ವಿಧಾನ: ಮೌಸಿನ ಮೇಲಿನ ಕೈ ತೆಗೆಯಿರಿ. ಮೂರು ವಾರ ಬಿಟ್ಟು ನೋಡಿ. ಪಾಲಿನ ಪೆಟ್ಟಿಗೆಯಲ್ಲಿ ನೀವು ಬರೆದದ್ದು ಇಂದಿನ ಆಜ್ಞೆಯಲ್ಲ, ತಿಂಗಳುಗಟ್ಟಲೆ ಅವಧಿಗೆ ತಿಳಿಸಿದ ಆಸೆ. ಲೆಕ್ಕ ಇಡುವುದರಲ್ಲಿ ಬೋಯಿಂಕ್ ನಿಮಗಿಂತ ಚುರುಕು ಎಂಬುದನ್ನು ಒಪ್ಪಿಕೊಳ್ಳುವುದೇ ಈ ಕೈಪಿಡಿಯ ಅತಿ ಕಷ್ಟದ ಹಂತ.

ಸೊನ್ನೆ ಪಾಲು ಎಂಬ ಅನುಕೂಲವೂ ಇದೆ. ಒಂದು ಯೋಜನೆಗೆ 0 ಕೊಟ್ಟರೆ ಅದು ಮನೆ ಬಿಟ್ಟು ಹೋಗುವುದಿಲ್ಲ, ಬಾಗಿಲ ಬಳಿ ಕಾಯುತ್ತಿರುತ್ತದೆ. ಉಳಿದ ಯಾರ ಬಳಿಯೂ ಕೆಲಸವಿಲ್ಲದಾಗ ಮಾತ್ರ ಅದನ್ನು ಒಳಗೆ ಕರೆಯುತ್ತಾರೆ. ನನ್ನ ಮಟ್ಟಿಗೆ ಇಡೀ ತಂತ್ರಾಂಶದಲ್ಲಿ ಇದಕ್ಕಿಂತ ಬುದ್ಧಿವಂತಿಕೆಯ ಅಂಕಿ ಇನ್ನೊಂದಿಲ್ಲ.

ಡೆಡ್‌ಲೈನ್: ಪಾಲಿನ ಮೇಲಿನ ಅಧಿಕಾರಿ

ಯೋಜನೆ ಕಳಿಸುವ ಕೆಲಸದ ಪ್ರತಿ ತುಂಡಿಗೂ, ಅಂದರೆ ಟಾಸ್ಕಿಗೂ, ಹಿಂದಿರುಗಿಸುವ ಕೊನೆಯ ದಿನಾಂಕವಿರುತ್ತದೆ. ಕೆಲವಕ್ಕೆ ಮೂರು ದಿನ, ಕೆಲವಕ್ಕೆ ಎರಡು ವಾರ, ಹವಾಮಾನದ ದೊಡ್ಡ ಟಾಸ್ಕುಗಳಿಗೆ ತಿಂಗಳುಗಟ್ಟಲೆ. ದಿನಾಂಕ ತಪ್ಪುವ ಲಕ್ಷಣ ಕಂಡರೆ ಬೋಯಿಂಕ್ ಪಾಲು, ಖಾತೆ ಎಲ್ಲವನ್ನೂ ಬದಿಗಿಟ್ಟು, ಯಾವುದರ ಗಡುವು ಹತ್ತಿರವೋ ಅದನ್ನು ಮೊದಲು ಓಡಿಸುತ್ತದೆ. ನೀವು ಮುಕ್ಕಾಲು ಪಾಲು ಕೊಟ್ಟ ಯೋಜನೆ ಬಾಯಿ ಮುಚ್ಚಿ ಕೂರಬೇಕು. ಬಾಕಿಯನ್ನು ಆಮೇಲೆ ತೀರಿಸುತ್ತದೆ, ಆ ಚಿಂತೆ ಬೇಡ.

ಈ ಸ್ಥಿತಿಯನ್ನು ಬಳಕೆದಾರರೇ ಕೈಯಾರೆ ತಂದುಕೊಳ್ಳುತ್ತಾರೆ. ಎಷ್ಟು ದಿನದ ಕೆಲಸವನ್ನು ಮುಂಚಿತವಾಗಿ ತಂದಿಟ್ಟುಕೊಳ್ಳಬೇಕೆಂದು ಸೆಟ್ಟಿಂಗ್ಸಿನಲ್ಲಿ ಕೇಳುತ್ತಾರೆ. ಇಂಟರ್ನೆಟ್ ಹೋದರೆ ಗತಿಯೇನು ಎಂದು ಹೆದರಿ ಹತ್ತು ದಿನ ಎಂದು ಬರೆಯುವವರಿದ್ದಾರೆ. ಒಂದು ವಾರದ ಗಡುವಿನ ಟಾಸ್ಕುಗಳನ್ನು ಹತ್ತು ದಿನಕ್ಕಾಗುವಷ್ಟು ತಂದಿಟ್ಟುಕೊಂಡರೆ ಏನಾಗುತ್ತದೆಂದು ಲೆಕ್ಕ ಹಾಕಲು ಕಂಪ್ಯೂಟರ್ ಬೇಕಿಲ್ಲ. ಅರ್ಧ ದಿನದ ದಾಸ್ತಾನು ಸಾಕು.

ಗಂಟೆಗೊಮ್ಮೆ ಒಂದು ಯೋಜನೆಯಿಂದ ಇನ್ನೊಂದಕ್ಕೆ ಜಿಗಿಯುವುದು ಬೋಯಿಂಕಿನ ಸ್ವಭಾವ. ಹಾಗೆ ಜಿಗಿಯುವಾಗ ನಿಲ್ಲಿಸಿದ ಟಾಸ್ಕನ್ನು ಮೆಮೊರಿಯಲ್ಲೇ ಇರಿಸಿಕೊಳ್ಳಲು ಒಂದು ಟಿಕ್ ಇದೆ, ಹಾಕಿಡಿ. ಇಲ್ಲದಿದ್ದರೆ ಟಾಸ್ಕು ಹಿಂದೆ ಎಲ್ಲಿ ಗುರುತು ಹಾಕಿತ್ತೋ ಅಲ್ಲಿಂದ ಮತ್ತೆ ಶುರುಮಾಡಬೇಕು. ಕರೆಂಟು ಹೋದಾಗಲಂತೂ ಆ ಗುರುತೇ ಗತಿ. ಸಂಜೆ ಮಳೆಗೆ ಮೂರು ಸಲ ಕರೆಂಟು ಹೋಗುವ ಬಡಾವಣೆಯಲ್ಲಿ ವಿರಳವಾಗಿ ಗುರುತು ಹಾಕುವ ಟಾಸ್ಕು ಅದೇ ಮೆಟ್ಟಿಲನ್ನು ರಾತ್ರಿಯಿಡೀ ಹತ್ತುತ್ತಿರುತ್ತದೆ.

ಇಷ್ಟವಿಲ್ಲದ ಟಾಸ್ಕನ್ನು ಅಬಾರ್ಟ್ ಮಾಡುವ ಗುಂಡಿಯೂ ಇದೆ. ಅದನ್ನು ಒತ್ತುವ ಮುಂಚೆ ತಿಳಿದಿರಬೇಕಾದದ್ದು: ಅನೇಕ ಯೋಜನೆಗಳು ಒಂದೇ ಟಾಸ್ಕನ್ನು ಇಬ್ಬರಿಗೆ ಕಳಿಸುತ್ತವೆ. ಎರಡೂ ಉತ್ತರ ತಾಳೆಯಾದರೆ ಮಾತ್ರ ಒಪ್ಪುತ್ತವೆ, ಯಾರದೋ ಮನೆಯ ಬಿಸಿಯೇರಿದ ಕಂಪ್ಯೂಟರ್ ತಪ್ಪು ಲೆಕ್ಕ ಕೊಟ್ಟಿರಬಹುದಲ್ಲ. ನೀವು ಕೈಬಿಟ್ಟರೆ ಎಲ್ಲೋ ಇನ್ನೊಬ್ಬರು ಸುಮ್ಮನೆ ಕಾಯುತ್ತಾರೆ. 2010ರಲ್ಲಿ ಐನ್‌ಸ್ಟೈನ್ ಅಟ್ ಹೋಮ್ ಅರೆಸಿಬೊದ ದತ್ತಾಂಶದಲ್ಲಿ ತನ್ನ ಮೊದಲ ಹೊಸ ಪಲ್ಸಾರನ್ನು ಕಂಡುಹಿಡಿಯಿತು. ಸೆಕೆಂಡಿಗೆ ಸುಮಾರು 41 ಸುತ್ತು ತಿರುಗುವ ಆ ನಕ್ಷತ್ರದ ಶೋಧದ ಹೆಸರು ಅಮೆರಿಕದ ಅಯೋವಾದ ದಂಪತಿಗೂ ಜರ್ಮನಿಯ ಮೈಂಟ್ಸ್ ನಗರದ ಒಬ್ಬರಿಗೂ ಸೇರಿ ಹೋಯಿತು. ಒಂದೇ ತುಂಡು ಎರಡು ಕಡೆ ಬೆಂದಿತ್ತು, ಅದಕ್ಕೆ. ಇಬ್ಬರಲ್ಲಿ ಒಬ್ಬರು ಆ ದಿನ ಬೇಜಾರಾಗಿ ಅಬಾರ್ಟ್ ಒತ್ತಿದ್ದರೆ ಹೆಸರು ಮೂರನೆಯವರ ಪಾಲಾಗುತ್ತಿತ್ತು.

ಗ್ರಾಫಿಕ್ಸ್ ಕಾರ್ಡ್ ಉಳ್ಳವರ ಗಮನಕ್ಕೆ

ಮಗ ಗೇಮ್ ಆಡಲೆಂದು ಕೊಡಿಸಿಕೊಂಡ ಕಾರ್ಡು ಪ್ರೊಸೆಸರಿಗಿಂತ ಎಷ್ಟೋ ಪಟ್ಟು ದುಡಿಯಬಲ್ಲದು. ಆದರೆ ಎಲ್ಲ ಯೋಜನೆಗಳಿಗೂ ಅದನ್ನು ಬಳಸಲು ಬರುವುದಿಲ್ಲ. ಐನ್‌ಸ್ಟೈನಿಗೆ ಬರುತ್ತದೆ, ರೊಸೆಟಾಕ್ಕೆ ಬರುವುದಿಲ್ಲ. ಪಾಲು ಲೆಕ್ಕವಾಗುವುದು ಪ್ರೊಸೆಸರಿಗೆ ಬೇರೆ, ಕಾರ್ಡಿಗೆ ಬೇರೆ ಎಂದಲ್ಲ. ಇಡೀ ಕಂಪ್ಯೂಟರಿನ ಒಟ್ಟು ದುಡಿಮೆಯ ಮೇಲೆ. ಐನ್‌ಸ್ಟೈನ್ ಕಾರ್ಡಿನ ಮೇಲೆ ಕೂತು ತನ್ನ ಅರ್ಧಕ್ಕಿಂತ ಹೆಚ್ಚು ತಿಂದುಬಿಡುತ್ತದೆ. ಕಾರ್ಡನ್ನು ಖಾಲಿ ಬಿಡುವಂತಿಲ್ಲ, ಬಳಸಬಲ್ಲವರು ಬೇರೆ ಯಾರೂ ಇಲ್ಲ. ಹಾಗಾಗಿ ಲೆಕ್ಕದ ಪುಸ್ತಕ ಪ್ರೊಸೆಸರನ್ನೆಲ್ಲ ರೊಸೆಟಾಕ್ಕೆ ಬಿಟ್ಟುಕೊಡುತ್ತದೆ. ಐನ್‌ಸ್ಟೈನಿನ ಪ್ರೊಸೆಸರ್ ಟಾಸ್ಕುಗಳು ವಾರಗಟ್ಟಲೆ ಕಣ್ಣಿಗೇ ಬೀಳುವುದಿಲ್ಲ. "ಸಮಪಾಲು ಕೊಟ್ಟಿದ್ದೆನಲ್ಲಾ" ಎಂದು ಕೂಗಾಡುವ ಬಳಕೆದಾರರೇ, ಇದೇ ಸಮಪಾಲಿಗೆ ಸಾಧ್ಯವಾದಷ್ಟು ಹತ್ತಿರ. ನೀವು ಗಡಿಯಾರದಲ್ಲಿ ಅಳೆಯುತ್ತಿದ್ದೀರಿ, ಬೋಯಿಂಕ್ ದುಡಿಮೆಯಲ್ಲಿ ಅಳೆಯುತ್ತಿದೆ.

ಬೋಯಿಂಕಿನ ಪಂಕ್ತಿಗೆ ಬಾರದವರು

2000ದಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಶುರುವಾದ ಫೋಲ್ಡಿಂಗ್ ಅಟ್ ಹೋಮ್ ಬೋಯಿಂಕಿಗೆ ಸೇರಿಲ್ಲ, ಅದರ ಪ್ರೋಗ್ರಾಮೇ ಬೇರೆ. ಎರಡನ್ನೂ ಒಟ್ಟಿಗೆ ಓಡಿಸಿದರೆ ಒಂದಕ್ಕೊಂದರ ಪರಿಚಯವಿಲ್ಲ. ಇದ್ದಬದ್ದ ಕೋರುಗಳೆಲ್ಲ ತನ್ನವೇ ಎಂದು ಎರಡೂ ಲಗ್ಗೆ ಹಾಕುತ್ತವೆ, ಆಪರೇಟಿಂಗ್ ಸಿಸ್ಟಮ್ ಇಬ್ಬರನ್ನೂ ಎಳೆದಾಡುತ್ತದೆ. ಪಾಲಿನ ಅಂಕಿಗೆ ಇಲ್ಲಿ ಕವಡೆ ಕಾಸಿನ ಬೆಲೆಯಿಲ್ಲ. ಬೋಯಿಂಕಿಗೆ "ಅರ್ಧ ಕೋರುಗಳನ್ನು ಮಾತ್ರ ಮುಟ್ಟು" ಎಂದು ಕಟ್ಟಪ್ಪಣೆ ಮಾಡಿ, ಫೋಲ್ಡಿಂಗಿಗೂ ಅಷ್ಟೇ ಕೊಡಿ. ಇಲ್ಲವೇ ಅದಕ್ಕೆ ಕಾರ್ಡು, ಇದಕ್ಕೆ ಪ್ರೊಸೆಸರ್ ಎಂದು ಬಿಟ್ಟುಬಿಡಿ.

ಮನೆಮಂದಿಯ ಪಾಲು

ಪಾಲಿನ ಪೆಟ್ಟಿಗೆಯಲ್ಲಿ ನಮೂದಿಸಲಾಗದ, ಆದರೆ ಎಲ್ಲರಿಗಿಂತ ದೊಡ್ಡ ಪಾಲು ಇದು. ಕೀಲಿಮಣೆ ಮುಟ್ಟಿದೊಡನೆ ಕೆಲಸ ನಿಲ್ಲಿಸುವ, ಬ್ಯಾಟರಿಯಲ್ಲಿದ್ದಾಗ ಸುಮ್ಮನಿರುವ, ರಾತ್ರಿ ಇಂತಿಷ್ಟು ಗಂಟೆಗೆ ಮಾತ್ರ ಓಡುವ ಆಯ್ಕೆಗಳಿವೆ. ಮಗಳಿಗೆ ಪರೀಕ್ಷೆಯ ಆನ್‌ಲೈನ್ ಅರ್ಜಿ ತುಂಬುವುದಿದ್ದರೆ ಸ್ನೂಜ್ ಒತ್ತಿ. ಪ್ರೋಟೀನು ಒಂದು ಗಂಟೆ ತಡವಾಗಿ ಮಡಚಿಕೊಂಡರೆ ಯಾರೂ ಸಾಯುವುದಿಲ್ಲ.

ಫ್ಯಾನಿನ ಸದ್ದಿಗೆ ಸಂಬಂಧಿಸಿದಂತೆ ಮಾದರಿ ಸಂಭಾಷಣೆಯೊಂದನ್ನು ಕೊಡಲಾಗಿದೆ. ಅಗತ್ಯಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

"ರೀ, ಆ ಡಬ್ಬ ರಾತ್ರಿಯೆಲ್ಲ ಗುಂಯ್ ಅಂತಿತ್ತಲ್ಲ, ಏನ್ ಮಾಡ್ತಿತ್ತು?"

"ಪಲ್ಸಾರ್ ಹುಡುಕ್ತಿತ್ತು ಕಣೇ."

"ಸಿಕ್ತಾ?"

"ಇನ್ನೂ ಇಲ್ಲ."

"ಹಂಗಾದ್ರೆ ಮೊದ್ಲು ಬುಕ್ ಮಾಡಿದ ಗ್ಯಾಸ್ ಸಿಲಿಂಡರ್ ಎಲ್ಲಿದೆ ಅಂತ ಹುಡುಕೋಕೆ ಹೇಳಿ."

ಇದಕ್ಕೆ ಉತ್ತರವಿಲ್ಲ. ಎದ್ದು ಕ್ಯಾಬಿನೆಟ್ಟಿನ ಪಕ್ಕದ ಹಲಗೆ ಬಿಚ್ಚಿ. ಪ್ರೊಸೆಸರಿನ ಮೇಲಿನ ಅಲ್ಯೂಮಿನಿಯಂ ರೆಕ್ಕೆಗಳ ಸಂದಿನಲ್ಲಿ ಬೂದು ಬಣ್ಣದ ದೂಳು ಕಂಬಳಿಯ ತುಂಡಿನಂತೆ ಒತ್ತಾಗಿ ಹೆಣೆದುಕೊಂಡಿರುತ್ತದೆ. ಕಂಪ್ಯೂಟರು ದೇವರ ಮನೆಯ ಪಕ್ಕದಲ್ಲಿದ್ದರೆ ಊದುಬತ್ತಿಯ ಹೊಗೆಯೂ ಅಡುಗೆಮನೆಯತ್ತ ಇದ್ದರೆ ಒಗ್ಗರಣೆಯ ಜಿಡ್ಡೂ ಸೇರಿ ಅದು ಊದಿದರೆ ಹಾರುವುದಿಲ್ಲ. ಪ್ಲಗ್ ಕಿತ್ತು, ಫ್ಯಾನಿನ ಎಸಳು ತಿರುಗದಂತೆ ಒಂದು ಬೆರಳಲ್ಲಿ ಒತ್ತಿ ಹಿಡಿದು, ಬಣ್ಣ ಬಳಿಯುವ ಒಣ ಬ್ರಷ್ಷಿನಿಂದ ಸಂದುಸಂದನ್ನೂ ಕೆರೆದು ತೆಗೆಯಿರಿ. ಅಂದು ರಾತ್ರಿ ಸದ್ದು ತಗ್ಗಿದ್ದನ್ನು ಮನೆಯವರು ಗಮನಿಸುತ್ತಾರೆ, ಹೇಳುವುದಿಲ್ಲ.

ವಿದ್ಯುತ್ ಸಂಬಂಧ ಎಚ್ಚರಿಕೆ

ಸುಮ್ಮನಿದ್ದಾಗಿನದಕ್ಕಿಂತ ದುಡಿಯುವಾಗ ನಿಮ್ಮ ಕಂಪ್ಯೂಟರು 70 ವಾಟ್ ಹೆಚ್ಚಿಗೆ ಎಳೆಯುತ್ತದೆಂದು ಇಟ್ಟುಕೊಳ್ಳಿ. ಹಗಲೂ ರಾತ್ರಿ ಓಡಿದರೆ ದಿನಕ್ಕೆ 1.68 ಯೂನಿಟ್, ತಿಂಗಳಿಗೆ ಸುಮಾರು 50. ಕರ್ನಾಟಕದಲ್ಲಿ ಗೃಹಜ್ಯೋತಿಯ ಉಚಿತ ವಿದ್ಯುತ್ ಪಡೆಯುತ್ತಿರುವವರು ಇಲ್ಲಿ ಕಣ್ಣರಳಿಸಿ ಓದಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ದಾಟಿದ್ದಕ್ಕಷ್ಟೇ ಅಲ್ಲ, ಇಡೀ ಬಿಲ್ಲನ್ನೂ ಕಟ್ಟಬೇಕು. 160 ಯೂನಿಟ್ ಬಳಸುತ್ತಿದ್ದ ಮನೆಗೆ ಈ 50 ಸೇರಿದರೆ 210. ಪಲ್ಸಾರ್ ಹುಡುಕುತ್ತ ಮಿತಿ ದಾಟಿದ ಹತ್ತು ಯೂನಿಟ್ಟಿಗೆ 210 ಯೂನಿಟ್ಟಿನ ದಂಡ. ಮೀಟರ್ ಓದುವವರಿಗೆ ನ್ಯೂಟ್ರಾನ್ ನಕ್ಷತ್ರದ ಮಹತ್ವ ವಿವರಿಸಿ ಪ್ರಯೋಜನವಿಲ್ಲ. ಅಂಥ ಮನೆಗಳಲ್ಲಿ ರಾತ್ರಿ ಏಳೆಂಟು ಗಂಟೆ ಮಾತ್ರ ಓಡಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಅದೂ ಬೇಡ. ಆಗ ತಲೆಯ ಮೇಲಿನ ಫ್ಯಾನೂ ಕಂಪ್ಯೂಟರಿನೊಳಗಿನ ಫ್ಯಾನೂ ಒಂದೇ ಬಿಸಿಗಾಳಿಯನ್ನು ಒಂದರ ಮೇಲೊಂದು ತಳ್ಳುತ್ತಿರುತ್ತವೆ.

ಕ್ರೆಡಿಟ್

ಮಾಡಿದ ಕೆಲಸಕ್ಕೆ ಕ್ರೆಡಿಟ್ ಕೊಡುತ್ತಾರೆ. ಅದರ ಮಾನಕ್ಕೆ ಸೆಟಿಯ ಜೆಫ್ ಕಾಬ್ ಅವರ ಗೌರವಾರ್ಥ ಕಾಬಲ್‌ಸ್ಟೋನ್ ಎಂದು ಹೆಸರು. ಸೆಕೆಂಡಿಗೆ ನೂರು ಕೋಟಿ ಲೆಕ್ಕ ಮಾಡುವ ಕಂಪ್ಯೂಟರು ಒಂದು ದಿನ ದುಡಿದರೆ 200. ಇದರಿಂದ ಅಂಗಡಿಯಲ್ಲಿ ಒಂದು ಬನ್ನೂ ಬರುವುದಿಲ್ಲ. ಯೋಜನೆಯಿಂದ ಯೋಜನೆಗೆ ಕೊಡುಗೈ ಬೇರೆಬೇರೆ ಇರುವುದರಿಂದ ಎರಡರ ಕ್ರೆಡಿಟ್ ಹೋಲಿಸಿ ಪಾಲು ಸರಿಯಿದೆಯೇ ಎಂದು ನೋಡುವುದೂ ವ್ಯರ್ಥ. ಆದರೂ ನೋಡುತ್ತೀರಿ, ಎಲ್ಲರೂ ನೋಡುತ್ತಾರೆ.

ಯೋಜನೆಯನ್ನು ತೆಗೆದುಹಾಕುವುದು

ಒಂದು ಯೋಜನೆ ಸಾಕೆನಿಸಿದರೆ ನೇರವಾಗಿ ರಿಮೂವ್ ಒತ್ತಬೇಡಿ. ಮೊದಲು ನೋ ನ್ಯೂ ಟಾಸ್ಕ್ಸ್ ಒತ್ತಿ. ಇರುವ ಕೆಲಸ ಮುಗಿಸಿ ಒಪ್ಪಿಸಿದ ಮೇಲೆ ಬೀಳ್ಕೊಡಿ. ಅದರ ಪಾಲು ಉಳಿದವರಿಗೆ ತಾನಾಗಿ ಹಂಚಿಹೋಗುತ್ತದೆ, ನೀವು ಅಂಕಿ ತಿದ್ದುವ ಅಗತ್ಯವಿಲ್ಲ.

ಕೆಲವೊಮ್ಮೆ ಯೋಜನೆಯೇ ಎದ್ದು ಹೋಗುತ್ತದೆ. 2020ರ ಮಾರ್ಚ್ 31ರಂದು ಸೆಟಿ ಅಟ್ ಹೋಮ್ ಹೊಸ ಕೆಲಸ ಹಂಚುವುದನ್ನು ನಿಲ್ಲಿಸಿತು. ಇಪ್ಪತ್ತು ವರ್ಷಗಳಿಗೂ ಮೀರಿ ಸೇರಿದ ಫಲಿತಾಂಶಗಳನ್ನು ಕೂತು ಜರಡಿ ಹಿಡಿಯುವ ಕೆಲಸ ಅವರಿಗಿತ್ತು. ಅದೇ ತಿಂಗಳು ಕೊರೊನಾ ವೈರಸ್ಸಿನ ಪ್ರೋಟೀನುಗಳ ಬೆನ್ನು ಹತ್ತಿದ್ದ ಫೋಲ್ಡಿಂಗ್ ಅಟ್ ಹೋಮಿಗೆ ಜನ ಎಷ್ಟು ನುಗ್ಗಿದರೆಂದರೆ ಅದರ ಒಟ್ಟು ಬಲ ಒಂದು ಎಕ್ಸಾಫ್ಲಾಪ್ ದಾಟಿತು. ಆವರೆಗೆ ಯಾವ ಸೂಪರ್ ಕಂಪ್ಯೂಟರೂ ಆ ಮಟ್ಟ ಮುಟ್ಟಿರಲಿಲ್ಲ. ಸರ್ವರುಗಳು ಹಂಚಲು ಟಾಸ್ಕಿಲ್ಲದೆ ಏದುಸಿರು ಬಿಟ್ಟವು. ಸೆಟಿಯನ್ನೊಂದೇ ನೆಚ್ಚಿಕೊಂಡಿದ್ದವರ ಕಂಪ್ಯೂಟರುಗಳು ಏಪ್ರಿಲಿನಲ್ಲಿ ಖಾಲಿ ಕೂತವು. ಸೊನ್ನೆ ಪಾಲಿನಲ್ಲಿ ಇನ್ನೊಂದನ್ನು ಬಾಗಿಲ ಬಳಿ ಕೂರಿಸಿದ್ದವರ ಯಂತ್ರಗಳು ಹೇಳದೆ ಕೇಳದೆ ಅದಕ್ಕೆ ದಾರಿ ಬಿಟ್ಟವು.

ಆದ್ದರಿಂದ ತೆಗೆದುಹಾಕಿದ ಯೋಜನೆಯ ಜಾಗಕ್ಕೆ ಅವಸರದಲ್ಲಿ ಹೊಸದನ್ನು ತಂದು 100 ಕೊಡಬೇಡಿ. 0 ಕೊಟ್ಟು ಸೇರಿಸಿ. ಕ್ಯಾಬಿನೆಟ್ಟಿನ ಹಲಗೆಯಿಂದ ಬಿಚ್ಚಿದ್ದ ಸ್ಕ್ರೂಗಳು ನಾಲ್ಕೂ ಇವೆಯೇ ನೋಡಿಕೊಂಡು, ಮನೆಯವರು ಮಲಗಿದ ಮೇಲೆ ಆನ್ ಮಾಡಿ.